ಅಲ್ಲಿದ್ದೆನೆಂದರೆ ಸುಳ್ಳಾದೀತೇ?

2020ರ ಜೂನ್ 14ರಂದು ದಕ್ಷಿಣ ಕೊರಿಯಾದ ಬಿಟಿಎಸ್ ಎಂಬ ಏಳು ಯುವಕರ ತಂಡವು ಎದುರಿಗೆ ಪ್ರೇಕ್ಷಕರೇ ಇಲ್ಲದೆ ಹಾಡಿತು. ಕೋವಿಡ್‌ನಿಂದಾಗಿ ಸಭೆಗಳೆಲ್ಲ ನಿಂತುಹೋಗಿದ್ದ ಕಾಲವದು. ಟಿಕೆಟು ಪಡೆದು ಮನೆಯಲ್ಲೇ ಪರದೆಯ ಮುಂದೆ ಏಕಕಾಲಕ್ಕೆ ಕುಳಿತವರು 107 ದೇಶ, ಪ್ರದೇಶಗಳಲ್ಲಿ ಏಳೂವರೆ ಲಕ್ಷಕ್ಕೂ ಮಿಕ್ಕಿದ್ದರು. ಅವರಲ್ಲಿ ನನ್ನ ಅಕ್ಕನ ಮಗಳೂ ಒಬ್ಬಳು. 'ಆ ಕಾರ್ಯಕ್ರಮದಲ್ಲಿ ನಾನೂ ಇದ್ದೆ' ಎಂದು ಆಕೆ ಇಂದಿಗೂ ಹೇಳುತ್ತಾಳೆ. ಒಮ್ಮೆ ಇದನ್ನು ಕೇಳಿದ ನನ್ನ ತಾಯಿ, 'ಟಿವಿಯಲ್ಲಿ ಅರಫಾ ನೋಡಿದವರೆಲ್ಲ ಹಾಜಿಗಳೇನು?' ಎಂದುಬಿಟ್ಟರು.

ನಾವೆಲ್ಲ ನಕ್ಕೆವು. ಆದರೆ ದೂರದಿಂದ ಕಂಡು ಕೇಳಿದ್ದನ್ನು 'ಅಲ್ಲಿದ್ದೆ' ಎನ್ನುವುದು ಸತ್ಯವೇ, ಅದರಿಂದ ದೊರೆಯುವ ತೃಪ್ತಿ ಎಂಥದ್ದು ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಸಂಗೀತದ ವಿಧಿನಿಷೇಧಗಳ ಬಗ್ಗೆ ವಿದ್ವಾಂಸರಲ್ಲಿರುವ ಭಿನ್ನಾಭಿಪ್ರಾಯ ಇಲ್ಲಿನ ವಿಷಯವಲ್ಲ. ಆದರೆ ಇಮಾಮ್ ಗಝಾಲಿ(ರ) ತಮ್ಮ 'ಇಹ್ಯಾ'ದಲ್ಲಿ 'ಸಮಾ' ಅಂದರೆ ಆಲಿಸುವಿಕೆಯ ಶಿಷ್ಟಾಚಾರಗಳನ್ನು ವಿವರಿಸುತ್ತಾ ಜುನೈದ್(ರ)ರ ಒಂದು ಮಾತನ್ನು ಉಲ್ಲೇಖಿಸುತ್ತಾರೆ. ಆಲಿಸುವುದಕ್ಕೆ ಮೂರು ಬೇಕು: ಕಾಲ, ಸ್ಥಳ ಮತ್ತು ಸಂಗಾತಿಗಳು. ಸುಮಾರು ಒಂಬತ್ತು ಶತಮಾನಗಳ ಹಿಂದಿನ ಈ ಗ್ರಂಥದ ಅಳತೆಗೋಲು ಇಂದಿನ ಪರದೆಗೂ ಹೊಂದುತ್ತದೆ!

ಕಾಲ ಅವಳಿಗೆ ದೊರೆತಿತ್ತು. 'ಮರುದಿನ ಮುದ್ರಿತ ಪ್ರತಿ ನೋಡಿದ್ದರೆ ಸಾಲದಿತ್ತೇ?' ಎಂದು ಕೇಳಿದರೆ, 'ಅದು ಬೇರೆ ಮಾಮು, ಇದು ಆಗಲೇ ನಡೆಯುತ್ತಿತ್ತಲ್ಲ' ಎಂದಳು. ಇನ್ನು ಸ್ಥಳ. ಸೋಲ್ ನಗರದ ದಾರಿ ಅವಳಿಗೆ ಎಂದೂ ತೆರೆದಿರಲಿಲ್ಲ. ಆದ್ದರಿಂದ ಪರದೆಯು ಅವಳಿಂದ ಏನನ್ನೂ ಕಸಿಯಲಿಲ್ಲ. ಹಾಸಿಗೆ ಹಿಡಿದ ರೋಗಿಗೂ, ಹಣವಿಲ್ಲದವನಿಗೂ ಈ ಮಾತು ಸಲ್ಲುತ್ತದೆ. ಇಂಥವರ ಸಂತೋಷವನ್ನು ಹುಸಿಯೆಂದು ಹಳಿಯಲು ನನ್ನ ಮನಸ್ಸು ಒಪ್ಪದು. ನನ್ನ ತಾಯಿಯ ಹೋಲಿಕೆಯೂ ಪೂರ್ಣ ಸರಿಯಲ್ಲ. ಹಜ್ ದೇಹದಿಂದ ಸಲ್ಲಬೇಕಾದ ಆರಾಧನೆ; ಹಾಡನ್ನಾದರೋ ಅವಳ ಕಿವಿ ನಿಜವಾಗಿಯೂ ಕೇಳಿತ್ತು.

ತೊಡಕಿರುವುದು ಸಂಗಾತಿಗಳ ವಿಷಯದಲ್ಲಿ. ಒಬ್ಬನು ನಿಜವಾದ ಭಾವಾವೇಶದಿಂದ ಎದ್ದು ನಿಂತರೆ ಉಳಿದವರೂ ಅವನ ಜೊತೆಗೆ ನಿಲ್ಲಬೇಕೆಂಬುದು ಗಝಾಲಿ(ರ) ಹೇಳುವ ಶಿಷ್ಟಾಚಾರಗಳಲ್ಲೊಂದು. ಅಂದರೆ ಕೇಳುಗನಿಗೆ ಪಕ್ಕದವನ ಋಣವಿದೆ. ಪರದೆಯ ಮುಂದೆ ಆ ಋಣವೆಲ್ಲಿ? ತಾನು ಮಧ್ಯದಲ್ಲಿ ಎದ್ದು ಊಟ ಮಾಡಿ ಬಂದೆನೆಂದೂ, ಪಕ್ಕದ ಮನೆಯವರು ಬಂದಾಗ ಧ್ವನಿ ಅಡಗಿಸಿದೆನೆಂದೂ ಅವಳೇ ಒಪ್ಪಿಕೊಂಡಳು. ಅದರಿಂದ ಯಾರಿಗೂ ನೋವಾಗಲಿಲ್ಲ. ಯಾರಿಗೂ ತಿಳಿಯಲೂ ಇಲ್ಲ. ಏಳೂವರೆ ಲಕ್ಷ ಜನರ ಸಭೆಯಲ್ಲಿ ಒಬ್ಬರ ಗೈರುಹಾಜರಿ ಯಾರಿಗೂ ತಾಗದಿದ್ದರೆ ಅವರ ಹಾಜರಿಯ ತೂಕವೆಷ್ಟು?

ಹಾಡುವವರಿಗೂ ಈ ಕೊರತೆ ತಟ್ಟಿರಬೇಕು. ಅದೇ ವರ್ಷದ ಅಕ್ಟೋಬರ್ ತಿಂಗಳಲ್ಲಿ ನಡೆದ ಅವರ ಮುಂದಿನ ಕಾರ್ಯಕ್ರಮದಲ್ಲಿ, ಮನೆಗಳಲ್ಲಿ ಕುಳಿತಿದ್ದ ಅಭಿಮಾನಿಗಳ ಮುಖಗಳನ್ನು ದೊಡ್ಡ ಪರದೆಗಳ ಮೇಲೆ ಮೂಡಿಸಲಾಗಿತ್ತು. ಮುಖ ಕಾಣದೆ ಹಾಡುವುದು ಅವರಿಗೂ ಕಷ್ಟವೇ.

ಕೊನೆಗೆ ನಾನು ಅವಳಲ್ಲಿ ಕೇಳಿದೆ: 'ಹಾಡು ಮುಗಿದಾಗ ಚಪ್ಪಾಳೆ ತಟ್ಟಿದೆಯಾ?'

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. 'ಕೋಣೆಯಲ್ಲಿ ಒಬ್ಬಳೇ ಹೇಗೆ ತಟ್ಟಲಿ ಮಾಮು?' ಎಂದಳು.