ಭಯದ ಗಳಿಗೆಯಲ್ಲಿ ಜೊತೆಗಿರುವವನು

ಭಯ ಯಾರನ್ನು ತಾನೇ ಬಿಟ್ಟಿದೆ? ದುಡಿಯುವವನಿಗೆ ನಾಳಿನ ಅನ್ನದ ಭಯ. ಹೆಣ್ಣು ಹೆತ್ತವರಿಗೆ ಮದುವೆಯ ಭಯ. ರೋಗಿಗೆ ವೈದ್ಯರು ಏನು ಹೇಳುವರೋ ಎಂಬ ಭಯ. ಇವೆಲ್ಲದರ ಮೇಲೆ, ನಾಲ್ಕು ಜನ ಏನನ್ನುವರೋ ಎಂಬ ಭಯ. ಪ್ರಿಯ ವಾಚಕರೇ, ಭಯವಾದ ಮಾತ್ರಕ್ಕೆ ನಮ್ಮ ಈಮಾನ್ ಹೊರಟುಹೋಯಿತೆಂದು ಭಾವಿಸಬೇಕಾಗಿಲ್ಲ. ಪ್ರವಾದಿಗಳಿಗೂ ಭಯವಾಗಿದೆ.

ಪ್ರವಾದಿ ಮೂಸಾ(ಅ)ರ ಚರಿತ್ರೆಯನ್ನು ನೋಡಿರಿ. ತಮ್ಮ ಏಟಿನಿಂದ ಒಬ್ಬನು ಸತ್ತಾಗ ಅವರು ಅಂಜುತ್ತಾ ಈಜಿಪ್ಟ್ ಬಿಟ್ಟು ಮದ್‌ಯನ್ ಸೇರಿದರು. ವರ್ಷಗಳ ನಂತರ ತೂರ್ ಪರ್ವತದ ಬಳಿ ಕೈಯಲ್ಲಿದ್ದ ಕೋಲು ಹಾವಿನಂತೆ ಹರಿದಾಡಿದಾಗ ಬೆನ್ನು ತಿರುಗಿಸಿ ಓಡಿದರು. ಫಿರ್‌ಔನನ ಬಳಿಗೆ ಹೋಗಬೇಕೆಂಬ ಆಜ್ಞೆಯಾದಾಗ, ಅವರು ತನ್ನನ್ನು ಕೊಂದಾರೆಂಬ ಅಂಜಿಕೆಯನ್ನು ಪ್ರಭುವಿನ ಮುಂದೆ ಮುಚ್ಚಿಡದೆ ಹೇಳಿಕೊಂಡರು. ಎದೆಯನ್ನು ವಿಶಾಲಗೊಳಿಸಲು, ನಾಲಗೆಯ ತೊಡಕನ್ನು ಬಿಡಿಸಲು ಬೇಡಿದರು. ಸಹೋದರ ಹಾರೂನ್(ಅ)ರನ್ನು ನೆರವಿಗೆ ಕೇಳಿಕೊಂಡರು.

ಅಲ್ಲಾಹನು ಅವರನ್ನು ಹೇಡಿಯೆಂದು ಜರೆಯಲಿಲ್ಲ. ಬೇಡಿದ್ದನ್ನು ಕೊಟ್ಟನು. ತಾನು ಅವರಿಬ್ಬರ ಜೊತೆಗಿರುವುದಾಗಿಯೂ ಎಲ್ಲವನ್ನೂ ಕೇಳುತ್ತಾ ನೋಡುತ್ತಾ ಇರುವುದಾಗಿಯೂ ಭರವಸೆಯಿತ್ತನು. ಇದು ತಾಹಾ (20) ಅಧ್ಯಾಯದಲ್ಲಿದೆ. ಫಿರ್‌ಔನನ ಅರಮನೆ ಕುಸಿಯಲಿಲ್ಲ, ಸೈನ್ಯ ಕರಗಲಿಲ್ಲ. ಆದರೂ ಅವರಿಬ್ಬರು ಹೊರಟರು.

ಮುಂದೊಂದು ದಿನ ಎದುರಿಗೆ ಕಡಲು, ಹಿಂದೆ ಫಿರ್‌ಔನನ ಸೈನ್ಯ. ಸಿಕ್ಕಿಬಿದ್ದೆವೆಂದು ಸಂಗಡಿಗರು ಕೂಗಿಕೊಂಡರು. ಹಾವಿಗೆ ಹೆದರಿ ಓಡಿದ್ದ ಮೂಸಾ(ಅ) ಈಗ ಕದಲಲಿಲ್ಲ. ಪ್ರಭು ತನ್ನೊಂದಿಗಿದ್ದಾನೆ, ದಾರಿ ತೋರುವನು ಎಂದು ದೃಢವಾಗಿ ನುಡಿದರು. ಅಶ್ಶುಅರಾ (26) ಅಧ್ಯಾಯದಲ್ಲಿ ಈ ಘಟನೆಯ ಕ್ರಮವನ್ನು ಗಮನಿಸಿರಿ. ಅವರು ಹಾಗೆ ನುಡಿದಾಗ ಕಡಲು ಇನ್ನೂ ಸೀಳಿರಲಿಲ್ಲ. ಕೋಲಿನಿಂದ ಹೊಡೆಯಬೇಕೆಂಬ ಆಜ್ಞೆ ಬಂದದ್ದು ಆಮೇಲೆ. ತೂರ್‌ನಲ್ಲಿ ಕಿವಿಯಿಂದ ಕೇಳಿದ ಭರವಸೆ ಇಷ್ಟರಲ್ಲಿ ಅವರ ಹೃದಯದ ಮಾತಾಗಿತ್ತು.

ಅಲ್ಲಾಹನು ಮನುಷ್ಯನಿಗೆ ಅವನ ಕಂಠನಾಡಿಗಿಂತಲೂ ಸಮೀಪನೆಂದು ಖಾಫ್ (50) ಅಧ್ಯಾಯ ತಿಳಿಸುತ್ತದೆ. ಸೃಷ್ಟಿಕರ್ತನು ಸೃಷ್ಟಿಯೊಳಗೆ ಬೆರೆತುಹೋಗಿದ್ದಾನೆ ಎಂಬುದು ಇದರ ಅರ್ಥವಲ್ಲ. ನಾವು ಬಾಯಿಬಿಟ್ಟು ಹೇಳಲಾರದ ಅಳುಕೂ ಅವನಿಗೆ ತಿಳಿದಿದೆ ಎಂದರ್ಥ. ನಡುರಾತ್ರಿ ನಿದ್ದೆ ಬಾರದೆ ಹೊರಳಾಡುವ ತಾಯಿಯ ಮನಸ್ಸನ್ನು ಪಕ್ಕದಲ್ಲಿ ಮಲಗಿದವರು ಅರಿಯದಿರಬಹುದು, ಅವನು ಅರಿತಿದ್ದಾನೆ.

ಆದರೆ ಈ ಸಾಮೀಪ್ಯಕ್ಕೆ ಇನ್ನೊಂದು ಮುಖವೂ ಇದೆ. ನಮ್ಮ ಅಳುಕನ್ನು ಅರಿಯುವವನೇ ನಮ್ಮ ಕಳ್ಳತಕ್ಕಡಿಯನ್ನೂ ನೋಡುತ್ತಾನೆ. ನಷ್ಟದ ಭಯದಿಂದ ಸುಳ್ಳು ಹೇಳುವ ವ್ಯಾಪಾರಿ, ಜನರ ಬಾಯಿಗೆ ಹೆದರಿ ಸಾಲ ಮಾಡಿ ವರದಕ್ಷಿಣೆ ಕೊಡುವ ತಂದೆ, ಅದನ್ನು ಕೈಚಾಚಿ ಪಡೆಯುವ ವರನ ಕಡೆಯವರು, ಎಲ್ಲವನ್ನೂ ಕಂಡು ಸುಮ್ಮನಿರುವ ನಾವು – ಅವನು ಜೊತೆಗಿದ್ದಾನೆಂಬುದನ್ನು ಆ ಗಳಿಗೆಯಲ್ಲಿ ಮರೆತವರೇ ಅಲ್ಲವೇ?

ಆದುದರಿಂದ ಭಯ ಬಂದಾಗ ಮೂಸಾ(ಅ)ರಂತೆ ಅದನ್ನು ಮೊದಲು ಪ್ರಭುವಿಗೆ ಹೇಳಿರಿ. ದಾಸನು ಪ್ರಭುವಿಗೆ ಅತ್ಯಂತ ಸಮೀಪವಾಗಿರುವುದು ಸುಜೂದ್‌ನಲ್ಲಿ ಎಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಅಲ್ಲಿ ಹಣೆಯಿಟ್ಟು ಬೇಡಿರಿ. ಸಹೋದರರ ನೆರವು ಕೇಳಲು ಸಂಕೋಚ ಬೇಡ. ಬಳಿಕ ಎದ್ದು, ಮಾಡಬೇಕಾದ ಕೆಲಸಕ್ಕೆ ಹೊರಡಿರಿ. ದಾರಿ ಇನ್ನೂ ಕಾಣದಿದ್ದರೂ ಹೊರಡಿರಿ.

ಅಲ್ಲಾಹನು ನಮ್ಮ ಹೃದಯಗಳಿಗೆ ಆ ಸ್ಥೈರ್ಯವನ್ನು ಕರುಣಿಸಲಿ. ಆಮೀನ್.