ಸುಳ್ಳೋ, ಕಥೆಯೋ?

ಮಕ್ಕಳು ಇಲ್ಲದ್ದನ್ನು ಇದೆಯೆಂದಾಗ ನಾವು ಎರಡು ಬಗೆಯಲ್ಲಿ ಗದರಿಸುತ್ತೇವೆ. ‘ಸುಳ್ಳು ಹೇಳಬೇಡ’ ಎನ್ನುವುದು ಒಂದು, ‘ಕಥೆ ಕಟ್ಟಬೇಡ’ ಎನ್ನುವುದು ಇನ್ನೊಂದು. ಸಿಟ್ಟಿನ ಭರದಲ್ಲಿ ಎರಡೂ ಒಂದೇ. ಹಾಗಲ್ಲವೇನೋ ಎಂಬ ಅನುಮಾನ ನನಗೆ ಹುಟ್ಟಿದ್ದು ಸ್ವೀಡನ್ನಿನ ಇಂಗ್ಮಾರ್ ಬರ್ಗ್‌ಮನ್ 1982ರಲ್ಲಿ ತೆಗೆದ ‘ಫ್ಯಾನಿ ಅಂಡ್ ಅಲೆಕ್ಸಾಂಡರ್’ ಚಿತ್ರ ನೋಡಿದಾಗ.

ತಂದೆಯನ್ನು ಕಳೆದುಕೊಂಡ ಹತ್ತು ವರ್ಷದ ಅಲೆಕ್ಸಾಂಡರ್, ಅಮ್ಮ ತನ್ನನ್ನು ಸರ್ಕಸ್ಸಿಗೆ ಮಾರಿದ್ದಾಳೆಂದು ಶಾಲೆಯಲ್ಲಿ ಹೇಳುತ್ತಾನೆ. ಮುಂದೆ ಅವನ ಮಲತಂದೆಯಾಗುವ ಬಿಷಪ್ ಕರೆದು ವಿಚಾರಿಸುತ್ತಾನೆ. ಕಲ್ಪನೆ ದೇವರು ಕೊಟ್ಟ ಮಹಾಶಕ್ತಿ, ಆದರೆ ಅದು ದೊಡ್ಡ ಕಲಾವಿದರ ವಶದಲ್ಲಿರತಕ್ಕದ್ದು ಎಂದು ಅವನ ಉಪದೇಶ. ದೊಡ್ಡವರು ಹೇಳಿದರೆ ಕಲೆ, ಹುಡುಗ ಹೇಳಿದರೆ ಪಾಪ! ಅಮ್ಮ ಎಲ್ಲಿ ಕೈಬಿಡುತ್ತಾಳೋ ಎಂಬ ದಿಗಿಲು ಆ ಸುಳ್ಳಿನೊಳಗಿತ್ತು. ಅದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಪಾದ್ರಿಯ ಮಗನಾದ ಬರ್ಗ್‌ಮನ್ ತಾನೇ ಬಾಲ್ಯದಲ್ಲಿ ಈ ಸರ್ಕಸ್ಸಿನ ಕಥೆ ಕಟ್ಟಿದ್ದನ್ನು 1987ರ ಆತ್ಮಕಥೆಯಲ್ಲಿ ಬರೆದಿದ್ದಾನೆ.

ಇಷ್ಟಕ್ಕೇ ನಿಂತಿದ್ದರೆ ಹುಡುಗನ ಪಕ್ಷ ವಹಿಸುವುದು ಸುಲಭ. ಆದರೆ ಬಿಷಪ್ಪನ ಮನೆ ಸೇರಿದ ಮೇಲೆ ಅವನು ಕೆಲಸದವಳಿಗೆ ಬೇರೊಂದು ಕಥೆ ಹೇಳುತ್ತಾನೆ. ನೀರಿನಲ್ಲಿ ಮುಳುಗಿ ಸತ್ತ ಬಿಷಪ್ಪನ ಮೊದಲ ಹೆಂಡತಿ ದೆವ್ವವಾಗಿ ಬಂದು, ಗಂಡ ತನ್ನನ್ನೂ ಮಕ್ಕಳನ್ನೂ ಅನ್ನನೀರಿಲ್ಲದೆ ಕೂಡಿಹಾಕಿದ್ದನೆಂದು ಹೇಳಿದಳಂತೆ. ಇದು ಒಬ್ಬನ ಮೇಲೆ ಹೊರಿಸಿದ ಘೋರ ಅಪವಾದ. ಬೈಬಲ್ ಮೇಲೆ ಕೈಯಿಡಿಸಿ ವಿಚಾರಣೆ, ಆಮೇಲೆ ಹೊಡೆತ, ಕತ್ತಲ ಅಟ್ಟ. ಶಿಕ್ಷೆ ಕ್ರೂರವಾದದ್ದೇ, ಹಾಗೆಂದು ಕಥೆ ನಿರ್ದೋಷಿಯಲ್ಲ. ಮುಂದೆ ಹುಡುಗನ ಮನಸ್ಸು ಬಿಷಪ್ಪನ ಸಾವನ್ನು ಚಿತ್ರಿಸಿಕೊಳ್ಳುತ್ತಿರುವಾಗಲೇ ಅವನು ಬೆಂಕಿಯಲ್ಲಿ ಬೆಂದು ಸಾಯುತ್ತಾನೆ. ಇನ್ನು ಬಿಡುಗಡೆ ಎನ್ನುವಷ್ಟರಲ್ಲಿ ಅವನ ದೆವ್ವ ಬಂದು ಹುಡುಗನನ್ನು ನೆಲಕ್ಕೆ ಕೆಡವುತ್ತದೆ. ಕಟ್ಟಿದ ಕಥೆಯ ಹೊಣೆ ಕಟ್ಟಿದವನನ್ನೂ ಬಿಡುವುದಿಲ್ಲ.

ಹಾಗಾದರೆ ಹಿರಿಯರು ಮಾಡಬೇಕಾದ್ದೇನು? ನನ್ನ ಮಗ ಆರು ವರ್ಷದವನಿದ್ದಾಗ, ತೀರಿಕೊಂಡ ಅಜ್ಜ ಜಗಲಿಯ ಮೇಲೆ ಕೂತಿದ್ದರು ಎಂದ. ‘ಕಥೆ ಕಟ್ಟಬೇಡ’ ಎಂದು ಬೆನ್ನಿಗೆ ಒಂದೇಟು ಕೊಟ್ಟೆ. ಮತ್ತೆಂದೂ ಅವನು ಅಜ್ಜನ ಮಾತೆತ್ತಲಿಲ್ಲ. ನಿಜ ಹೇಳುವುದನ್ನು ಕಲಿಸಿದೆನೆಂದು ಆಗ ಸಮಾಧಾನಪಟ್ಟಿದ್ದೆ. ಅವನು ಕಲಿತದ್ದು ನನ್ನೆದುರು ಬಾಯಿ ಮುಚ್ಚಿಕೊಂಡಿರುವುದನ್ನು.

ಈ ಕಥೆಯಿಂದ ಯಾರಿಗಾದರೂ ನೋವಾಗುತ್ತದೆಯೇ ಎಂದು ಮಗುವಿಗೆ ತಿಳಿಸಿಹೇಳಲೇಬೇಕು. ಆದರೆ ಅದು ಕಥೆಯನ್ನು ಪೂರ್ತಿ ಕೇಳಿದ ಮೇಲಿನ ಮಾತು. ಚಿತ್ರದ ಕೊನೆಯಲ್ಲಿ ಅಲೆಕ್ಸಾಂಡರ್ ಅಜ್ಜಿಯ ಮಡಿಲಲ್ಲಿ ತಲೆಯಿಟ್ಟಿದ್ದಾನೆ. ಅವಳು ಸ್ಟ್ರಿಂಡ್‌ಬರ್ಗ್‌ನ ಕನಸಿನ ನಾಟಕವನ್ನು ಓದುತ್ತಿದ್ದಾಳೆ. ದೆವ್ವವೇನೂ ತೊಲಗಿಲ್ಲ. ತಲೆಯಿಡಲು ಒಂದು ಮಡಿಲಿದೆ, ಅಷ್ಟೆ. ನನ್ನ ಮಗನಿಗೆ ಅಂದು ಅಷ್ಟನ್ನೂ ನಾನು ಕೊಡಲಿಲ್ಲ.