ಪಬ್ಬಿನ ಕಥೆ ಕೇಳೋದು ತಪ್ಪಾ?

ಹೋದ ವಾರ ನಮ್ಮ ಸಭೆಯ ಒಬ್ಬ ತಮ್ಮ ಲಂಡನ್‌ನಿಂದ ಮೆಸೇಜ್ ಹಾಕಿದ್ದ. ಆನ್‌ಸೈಟ್ ಹೋಗಿದ್ದಾನೆ. "ಪಾಸ್ಟರ್, ಆಫೀಸಿನವರು ಹಳೇ ಪಬ್‌ಗಳನ್ನ ನಡೆದುಕೊಂಡು ನೋಡೋ ಟೂರ್ ಬುಕ್ ಮಾಡಿದ್ದಾರೆ. ನಾನು ಕುಡಿಯಲ್ಲ, ನಿಮಗೇ ಗೊತ್ತು. ಬರೀ ಕಥೆ ಕೇಳೋಕೆ ಹೋದ್ರೆ ತಪ್ಪಾ?"

"ಬೇಡಪ್ಪಾ" ಅಂತ ಟೈಪ್ ಮಾಡಿದೆ. ಆಮೇಲೆ ಅಳಿಸಿದೆ.

ಯಾಕಂದ್ರೆ ಆ ಕಥೆಗಳು ನಿಜಕ್ಕೂ ಚೆನ್ನಾಗಿವೆ. ಸದರ್ಕ್‌ನಲ್ಲಿ ಜಾರ್ಜ್ ಇನ್ ಅಂತ ಒಂದಿದೆ. 1676ರ ಬೆಂಕಿಯಲ್ಲಿ ಸುಟ್ಟುಹೋಗಿ ಮರುವರ್ಷ ಮತ್ತೆ ಎದ್ದ ಕಟ್ಟಡ. ಅಂಗಳದ ಕಡೆಗೆ ಮಹಡಿಯುದ್ದಕ್ಕೂ ಮರದ ಮೊಗಸಾಲೆ. ಆ ಥರದ್ದು ಲಂಡನ್‌ನಲ್ಲಿ ಉಳಿದಿರೋದು ಅದೊಂದೇ. ಹತ್ತಿರದಲ್ಲೇ ಟ್ಯಾಬರ್ಡ್ ಇತ್ತು; ಚಾಸರ್ ಕವಿ ತನ್ನ ಕ್ಯಾಂಟರ್‌ಬರಿ ಯಾತ್ರಿಕರನ್ನ ಹೊರಡಿಸಿದ್ದು ಅಲ್ಲಿಂದ. ಇವೆಲ್ಲ ಛತ್ರಗಳೂ ಹೌದು, ದಾರಿಹೋಕನಿಗೆ ಊಟ, ಹಾಸಿಗೆ, ಕುದುರೆಗೆ ಮೇವು. ಒಳ್ಳೇ ಸಮಾರ್ಯದವನು ಗಾಯಗೊಂಡವನನ್ನ ಕರೆದೊಯ್ದದ್ದೂ ಛತ್ರಕ್ಕೇ ಅಲ್ವಾ? ಹೊಸಬ ಬಂದ್ರೆ ನಮ್ಮ ಸಭೆಯಲ್ಲೇ ಎಷ್ಟೋ ಸಲ ಯಾರೂ ಮಾತಾಡಿಸಲ್ಲ. ಅದನ್ನ ಒಪ್ಪಿಕೊಂಡೇ ಮುಂದಕ್ಕೆ ಹೋಗ್ತೀನಿ.

ಈಗ ಅದೇ ನದಿ, ಥೇಮ್ಸ್. ಸ್ವಲ್ಪ ಪೂರ್ವಕ್ಕೆ, ಆಚೆ ದಡದಲ್ಲಿ ವಾಪಿಂಗ್. ಅಲ್ಲೂ ಹಳೇ ಪಬ್‌ಗಳು, ಕಡಲುಗಳ್ಳರ ಕಥೆಗಳು, ಎಲ್ಲರೂ ಫೋಟೋ ತೆಗೀತಾರೆ. ಆ ದಡಗಳಲ್ಲಿ ಹಡಗಿನಿಂದ ಕಲ್ಲಿದ್ದಲು ಇಳಿಸೋ ಕೂಲಿಗಳಿದ್ರು. ಕೆಲಸ ಹಂಚ್ತಿದ್ದದ್ದು ಯಾರು ಗೊತ್ತಾ? ಪಬ್ಬಿನ ಮಾಲೀಕರು. ಕುಡಿದವನಿಗೆ ಕೆಲಸ, ಕುಡಿಯದವನಿಗೆ ಇಲ್ಲ. ಕುಡಿದ ಲೆಕ್ಕ ಕೂಲಿಯಲ್ಲೇ ಮುರ್ಕೊಳ್ತಿದ್ರು. ಇದನ್ನ ತಡೆಯೋಕೆ 1843ರಲ್ಲಿ ಪಾರ್ಲಿಮೆಂಟ್ ಕಾನೂನು ತಂದು, ಕೆಲಸ ಹಂಚೋಕೆ ಬೇರೆ ಕಚೇರಿಯನ್ನೇ ತೆರೆಸಬೇಕಾಯ್ತು. ಪಬ್ಬಿನೊಳಗೆ ಕೂಲಿ ಕೊಡೋದನ್ನೇ ನಿಷೇಧಿಸಿದ್ದು ಇನ್ನೂ ತಡವಾಗಿ, 1883ರಲ್ಲಿ.

ನನಗೆ ಇದು ಪುಸ್ತಕದ ವಿಷಯ ಅಲ್ಲ. ಶನಿವಾರ ನಮ್ಮಪ್ಪನ ಬಟವಾಡೆ. ಅಮ್ಮ ಬಾಗಿಲಲ್ಲಿ ನಿಂತು, ಬರೋ ಹೆಜ್ಜೆ ಸದ್ದಿನಲ್ಲೇ ಎಷ್ಟು ದುಡ್ಡು ಉಳಿದಿದೆ ಅಂತ ಲೆಕ್ಕ ಹಾಕ್ತಿದ್ಲು. ಸಾರಾಯಿ ಅಂಗಡಿಯಲ್ಲೂ ಒಳ್ಳೊಳ್ಳೇ ಕಥೆ ಹೇಳ್ತಿದ್ರಂತೆ. ಅಮ್ಮ ಆ ಕಥೆಗಳಲ್ಲಿ ಇರಲಿಲ್ಲ.

ಹಾಗಾದ್ರೆ ಹೋಗಬಾರದಾ? ಹೊಸ್ತಿಲು ದಾಟಿದ್ದಕ್ಕೇ ಮನುಷ್ಯ ಅಶುದ್ಧ ಆಗ್ತಾನೆ ಅಂತ ನಾನು ಹೇಳಲಾರೆ. ಸ್ವಾಮಿಯನ್ನೇ ಕುಡುಕ, ಪಾಪಿಗಳ ಗೆಳೆಯ ಅಂತ ಜನ ಆಡಿಕೊಂಡ್ರು. ಕುಡಿತದ ಚಟದಿಂದ ಬಿಡುಗಡೆಯಾಗಿ ಬಂದವರಿಗೆ ಮಾತ್ರ ನನ್ನ ಮಾತು ಬೇರೆ: ನೀವು ಹೋಗ್ಬೇಡಿ, ಆ ವಾಸನೆ ಸಾಕು. ಉಳಿದವರು ಕಥೆ ಕೇಳೋದರಲ್ಲಿ ನನಗೆ ಪಾಪ ಕಾಣಲ್ಲ. ಅರ್ಧ ಕಥೆಯನ್ನೇ ಪೂರ್ತಿ ಅಂತ ನಂಬಿ ನಗ್ತಾ ವಾಪಸ್ ಬರೋದರಲ್ಲಿ ಏನೋ ತಪ್ಪಿದೆ ಅನ್ಸುತ್ತೆ. ಮರದ ಮೊಗಸಾಲೆ ಉಳಿಸಿಕೊಂಡ್ರು, ಸರಿ. ಮನೆಯಲ್ಲಿ ಕಾದವಳ ಬಾಗಿಲನ್ನ ಯಾವ ಟೂರೂ ತೋರಿಸಲ್ಲ.

ಕೊನೆಗೆ ಅವನಿಗೆ ಹೀಗೆ ಬರೆದೆ: "ಹೋಗಿ ಬಾ ತಮ್ಮಾ. ನದಿ ಹತ್ರ ಬಂದಾಗ ಗೈಡ್‌ನ ಒಂದು ಮಾತು ಕೇಳು, ಇಲ್ಲಿ ಕೂಲಿ ಯಾರು ಕೊಡ್ತಿದ್ರು, ಮನೆಗೆ ಎಷ್ಟು ಮುಟ್ಟುತ್ತಿತ್ತು ಅಂತ. ಲೈಮ್ ಸೋಡಾ ಬಿಲ್ಲು ನನ್ನದು."